ಬಾರ್ಲೋ ಗಲ್ಲಿಯ ವಕೀಲ, ದೊಮ್ಮಲೂರಿನ ಮುನಿಯಪ್ಪ

ಮೆಲ್ಬರ್ನ್ ವಿಮಾನ ನಿಲ್ದಾಣ

ಆಸ್ಟ್ರೇಲಿಯಾದಲ್ಲಿ ನನ್ನನ್ನು ಮೊದಲು ವಿಚಾರಿಸಿಕೊಂಡದ್ದು ಒಂದು ನಾಯಿ. ವಿಮಾನದಿಂದ ಇಳಿದು ಸಾಲಿನಲ್ಲಿ ನಿಂತಿದ್ದೆ. ಜೋತುಬಿದ್ದ ಕಿವಿಯ ನಾಯಿಯೊಂದು ಬಂದು ನನ್ನ ಸೂಟ್‌ಕೇಸನ್ನು ಮೂಸಿ, ಅದರ ಪಕ್ಕದಲ್ಲೇ ಶಿಸ್ತಾಗಿ ಕೂತುಬಿಟ್ಟಿತು. ಎಷ್ಟು ಮುದ್ದಾಗಿದೆ ಅಂದುಕೊಂಡು ತಲೆ ಸವರಲು ಕೈ ಚಾಚಿದೆ. ಅದರ ಹಿಂದಿದ್ದ ಸಮವಸ್ತ್ರದ ಹೆಂಗಸು, "ಮುಟ್ಟಬೇಡಿ ಮೇಡಂ, ಅದು ಡ್ಯೂಟಿಯಲ್ಲಿದೆ" ಅಂದಳು.

ಆಮೇಲೆ ಒಂದು ಮೇಜಿನ ಮೇಲೆ ನನ್ನ ಸಂಸಾರವೆಲ್ಲ ಹರಡಿತು. ಅಮ್ಮ ಕಟ್ಟಿಕೊಟ್ಟ ಹುರುಳಿಕಾಳು, ಹುಣಸೆಹಣ್ಣು, ಸಾರಿನ ಪುಡಿ, ಎರಡು ಕೇಜಿ ರಾಗಿಹಿಟ್ಟು. ಅಧಿಕಾರಿ ಕೈಗವಸು ಹಾಕಿಕೊಂಡು ಹಿಟ್ಟಿನ ಪೊಟ್ಟಣ ಎತ್ತಿ, "ಇದೇನು?" ಅಂದ. ಮುದ್ದೆ ಅಂದೆ. "ಅಂದರೆ?" ಅಂದ. ಅಂಗೈ ಗುಂಡಗೆ ಮಾಡಿ, ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿ ತೋರಿಸಿದೆ. ಅವನು ಪಕ್ಕದವನನ್ನೂ ಕರೆದ. ಅವನಿಗೂ ಇನ್ನೊಮ್ಮೆ ನುಂಗಿ ತೋರಿಸಿದೆ. ಕೊನೆಗೆ ಹುರುಳಿಕಾಳು ಕಸದ ಬುಟ್ಟಿಗೆ ಹೋಯಿತು, ಹಿಟ್ಟು ಪಾಸಾಯಿತು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಐವತ್ತೆರಡನೆಯ ವಯಸ್ಸಿಗೆ ನನ್ನ ಮೊದಲ ವಿದೇಶ ಪ್ರವಾಸ ಹೀಗೆ ಶುರುವಾಯಿತು. ನನ್ನ ಹೆಸರು ಶಶಿಕಲಾ. ಕಂಟೋನ್ಮೆಂಟ್ ಕಡೆಯ ಕೋರ್ಟಿನ ಎದುರು ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ. ಅಫಿಡವಿಟ್ಟು, ಬಾಡಿಗೆ ಕರಾರು, ವಕಾಲತ್ತು, ಇವುಗಳ ನಡುವೆಯೇ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಮನೆ ದೊಮ್ಮಲೂರು. ಊರು ಇನ್ನೂ ಊರಾಗಿದ್ದಾಗಿನಿಂದ ನಮ್ಮವರು ಅಲ್ಲೇ ಇದ್ದಾರೆ. ಈಗ ನಮ್ಮ ತಾರಸಿಯ ಮೇಲೆ ನಿಂತರೆ ಫ್ಲೈಓವರಿನ ಮೇಲಿನ ಬಸ್ಸುಗಳ ನೆತ್ತಿ ಕಾಣುತ್ತದೆ.

ನನ್ನನ್ನು ಕರೆಸಿಕೊಂಡದ್ದು ಮಾರ್ಗರೆಟ್ ಎಂಬ ನಿವೃತ್ತ ಮೇಡಂ. ಮೆಲ್ಬರ್ನ್‌ನಿಂದ ರೈಲಿನಲ್ಲಿ ಎರಡು ತಾಸು ದೂರದ ಬಾರ್ಲೋ ಗಲ್ಲಿ ಎಂಬ ಊರಲ್ಲಿ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವರು. ತಮ್ಮೂರಿನ ಒಬ್ಬ ಹಳೇ ವಕೀಲನ ಜೀವನಚರಿತ್ರೆ ಬರೆಯುತ್ತಿದ್ದರು. ಸ್ಯಾಮ್ಯುಯೆಲ್ ಕಾರ್ಬೆಕ್ ಅವನ ಹೆಸರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ವಿಕ್ಟೋರಿಯಾ ಅಂತಲೇ ಹೆಸರಿರುವ ಆ ರಾಜ್ಯದಲ್ಲಿ, ವಕೀಲನಾಗಿ ಹೆಸರು ಮಾಡಿ ಆಮೇಲೆ ರಾಜಕೀಯಕ್ಕೆ ಹೋದವನು. ಅವನ ಶುರುವಿನ ಕೇಸುಗಳಲ್ಲಿ ಒಂದು, ಕುದುರೆ ಕದ್ದ ಆರೋಪ ಹೊತ್ತ ಒಬ್ಬ ಇಂಡಿಯಾದವನದು. ಹಳೇ ಪತ್ರಿಕೆಯಲ್ಲಿ ಅವನ ಹೆಸರು 'ಮುನಿಯಾಪಾ', ಊರು 'ಡುಮ್ಲೂರ್, ಬ್ಯಾಂಗಲೋರ್' ಅಂತಿತ್ತಂತೆ. ಬೆಂಗಳೂರಿನ ಹಳೇ ಫೋಟೋಗಳ ಫೇಸ್‌ಬುಕ್ ಗುಂಪಿನಲ್ಲಿ, ಇವನ ಕಡೆಯವರು ಯಾರಾದರೂ ಇದ್ದೀರಾ ಅಂತ ಮಾರ್ಗರೆಟ್ ಕೇಳಿದ್ದರು.

ನಾನು ಮೊಬೈಲ್ ಹಿಡಿದು ಅಡುಗೆಮನೆಗೆ ಓಡಿದೆ. "ಅಮ್ಮಾ, ಹಡಗು ತಾತನ ಹೆಸರೇನು?"

"ಮುನಿಯಪ್ಪ. ಯಾಕೆ?"

ಹಡಗು ತಾತ ಅಂದರೆ ಅಮ್ಮನ ತಾತ. ಕಂಟೋನ್ಮೆಂಟಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ಪಲ್ಟನ್ನಿಗೆ ಆಸ್ಟ್ರೇಲಿಯಾದಿಂದ ಕುದುರೆ ತರುವ ಹಡಗಿನಲ್ಲಿ ಕೆಲಸ ಸಿಕ್ಕಿ, ಆ ದೇಶಕ್ಕೇ ಹೋಗಿ, ಹತ್ತು ಹನ್ನೆರಡು ವರ್ಷ ಅಲ್ಲಿದ್ದು ಬಂದನಂತೆ. ಮತ್ತೆ ಹೋಗಬೇಕು ಅಂತ ಟ್ರಂಕು ಕಟ್ಟಿಟ್ಟವನು ಯಾಕೋ ಹೋಗಲೇ ಇಲ್ಲವಂತೆ. ನಮ್ಮ ಮನೆಯಲ್ಲಿ ಇದ್ದ ಕಥೆ ಇಷ್ಟೇ.

ಹಳೇ ಕೋರ್ಟು ಕಟ್ಟಡವನ್ನು ರಿಪೇರಿ ಮಾಡಿ ವಕೀಲನ ಹೆಸರಿನ ಮ್ಯೂಸಿಯಂ ಮಾಡುತ್ತಿದ್ದೇವೆ, ನೀವೇ ಬಂದು ಉದ್ಘಾಟಿಸಬೇಕು ಅಂತ ಮಾರ್ಗರೆಟ್ ಬರೆದರು. ಅವರ ಊರಿನ ಇತಿಹಾಸ ಸಂಘವೇ ಟಿಕೆಟ್ಟು ಕಳಿಸಿತು. "ನಿಮಗೆ ತೋರಿಸಬೇಕಾದ ಒಂದು ಕಾಗದ ಇದೆ. ಫೋಟೋ ಕಳಿಸುವುದಿಲ್ಲ, ಬಂದೇ ನೋಡಬೇಕು" ಅಂತಲೂ ಬರೆದಿದ್ದರು. ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬಾರ್ಲೋ ಗಲ್ಲಿ, ಮೊದಲ ದಿನ

ಗಲ್ಲಿ ಅಂದರೆ ನನ್ನ ತಲೆಯಲ್ಲಿ ಶಿವಾಜಿನಗರದ ಗಲ್ಲಿ. ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗಬೇಕು, ನಡುವೆ ಒಂದು ಸ್ಕೂಟರು ಹಾರ್ನ್ ಹೊಡೆಯುತ್ತಿರಬೇಕು. ಇಲ್ಲಿ ರೈಲಿಳಿದರೆ ಒಂದು ರಸ್ತೆ, ಅದರಲ್ಲಿ ನಮ್ಮ ಓಲ್ಡ್ ಮದ್ರಾಸ್ ರೋಡನ್ನೇ ಅಡ್ಡಡ್ಡ ಮಲಗಿಸಬಹುದು. ಅಷ್ಟು ಅಗಲ, ಮತ್ತು ಯಾರೂ ಇಲ್ಲ! ಆ ಕಡೆಯ ಇಂಗ್ಲಿಷಿನಲ್ಲಿ ಗಲ್ಲಿ ಅಂದರೆ ಗುಡ್ಡಗಳ ನಡುವಿನ ಕೊರಕಲು ಅಂತೆ. ಹಿಂದೆ ಅಲ್ಲಿ ಚಿನ್ನ ಸಿಕ್ಕಿತ್ತು, ಜನ ನುಗ್ಗಿದ್ದರು. ಈಗ ಚಿನ್ನ ಮುಗಿದು, ಕುರಿಗಳೂ ಗುಲಾಬಿ ಗಿಡಗಳೂ ಉಳಿದಿವೆ.

ಸ್ಟೇಷನ್ನಿನ ಬಾಗಿಲಲ್ಲಿ ಒಬ್ಬ ಅಜ್ಜ ಟೋಪಿ ಎತ್ತಿ, "ಹೌ ಯು ಗೋಯಿಂಗ್?" ಅಂದ. "ಬೈ ಕಾರ್" ಅಂದೆ, ಮಾರ್ಗರೆಟ್ ಕಾರು ತರುತ್ತೇನೆ ಅಂದಿದ್ದರಲ್ಲ. ಅಜ್ಜ ಒಂದು ಕ್ಷಣ ಯೋಚಿಸಿ, "ಒಳ್ಳೆಯದು" ಅಂತ ಹೋದ. ಹೇಗಿದ್ದೀರಿ ಅಂತ ಕೇಳುವ ಬಗೆ ಅದು ಅಂತ ಗೊತ್ತಾಗುವ ಹೊತ್ತಿಗೆ ಇನ್ನೂ ಮೂವರಿಗೆ ಹಾಗೇ ಉತ್ತರ ಕೊಟ್ಟಿದ್ದೆ.

ಅವತ್ತೇ ಸಂಜೆ ಸಂಘದವರೊಬ್ಬರ ಮನೆಯಲ್ಲಿ ಊಟ. "ಬರುವಾಗ ಒಂದು ತಟ್ಟೆ ತನ್ನಿ" ಅಂದರು ಮಾರ್ಗರೆಟ್. ಪಾಪ, ಜನ ಜಾಸ್ತಿ, ತಟ್ಟೆ ಸಾಲುತ್ತಿಲ್ಲ ಅಂದುಕೊಂಡೆ. ಕೇಟರಿಂಗಿನವನು ಕೈಕೊಟ್ಟರೆ ನಮ್ಮ ಕಡೆ ಅಕ್ಕಪಕ್ಕದ ಮನೆಯಿಂದ ತರುವುದಿಲ್ಲವೇ? ಒಂದಕ್ಕೆ ಎರಡಿರಲಿ ಅಂತ ನಾನು ಇಳಿದುಕೊಂಡಿದ್ದ ರೂಮಿನ ಎರಡು ತಟ್ಟೆ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಉಳಿದವರೆಲ್ಲ ತಟ್ಟೆ ತುಂಬ ತಿಂಡಿ ತಂದಿದ್ದರು! ಅಲ್ಲಿ ತಟ್ಟೆ ತನ್ನಿ ಅಂದರೆ ತಿನ್ನಲು ಏನಾದರೂ ಮಾಡಿಕೊಂಡು ಬನ್ನಿ ಅಂತ. ನಕ್ಕು ನಕ್ಕು ಎಲ್ಲರಿಗೂ ಕಣ್ಣೀರು ಬಂತು. ಹೆಚ್ಚು ನಕ್ಕವರು ಎಪ್ಪತ್ತೈದು ದಾಟಿದ, ಗಂಡಸರ ಬೂಟು ಹಾಕಿಕೊಂಡ ಒಬ್ಬ ಎತ್ತರದ ಹೆಂಗಸು. ನನ್ನ ಖಾಲಿ ತಟ್ಟೆಗೆ ಅರ್ಧ ಕೇಕು ಹಾಕಿ, "ನಾನು ಜೂಡಿ ಕಾರ್ಬೆಕ್. ಆ ವಕೀಲ ನಮ್ಮ ಮುತ್ತಾತ" ಅಂದರು.

ನಾನು ಕೈ ಹಿಡಿದುಕೊಂಡೆ. ಅವರ ಮುತ್ತಾತ ನಮ್ಮ ಮುತ್ತಾತನನ್ನು ಜೈಲಿಂದ ಉಳಿಸಿದ್ದ. ನಾವಿಬ್ಬರು ಕೇಕು ತಿನ್ನುತ್ತಾ ನಿಂತಿದ್ದೆವು.

ಹಳೇ ಕೋರ್ಟು

ಮಾರನೆ ದಿನ ಬೆಳಿಗ್ಗೆ ಮಾರ್ಗರೆಟ್ ಕೋರ್ಟಿನ ಬೀಗ ತೆಗೆದರು. ಕೆಂಪು ಇಟ್ಟಿಗೆಯ ಸಣ್ಣ ಕಟ್ಟಡ. ಒಳಗೆ ನ್ಯಾಯಾಧೀಶರ ಎತ್ತರದ ಪೀಠ, ಕಟಕಟೆ, ವಕೀಲರ ಮೇಜು. ನಾನು ದಿನಾ ನೋಡುವ ಕೋರ್ಟೇ, ಜನ ಮಾತ್ರ ಇಲ್ಲ. ಕಟಕಟೆಯ ಮರ ಮುಟ್ಟಿ ನೋಡಿದೆ. ಕೈ ಇಡುವ ಜಾಗ ಸವೆದು ನುಣುಪಾಗಿತ್ತು.

ಮಾರ್ಗರೆಟ್ ಕಥೆ ಹೇಳಿದರು. ಕಾರ್ಬೆಕ್‌ನ ಅಪ್ಪ ಚಿನ್ನದ ಗಣಿ ಕುಸಿದು ಸತ್ತ. ಹುಡುಗ ಒಬ್ಬ ವಕೀಲರ ಆಫೀಸಿನಲ್ಲಿ ಕಾಗದ ನಕಲು ಮಾಡುತ್ತಾ ಮಾಡುತ್ತಾ ತಾನೇ ವಕೀಲನಾದ. ಅದನ್ನು ಕೇಳಿ ನನಗೆ ಅವನ ಮೇಲೆ ಒಂದು ಥರದ ಅಭಿಮಾನ ಬಂತು. ನಮ್ಮ ಕಸುಬಿನಿಂದಲೇ ಮೇಲೆ ಬಂದವನು!

ನಮ್ಮ ತಾತ ಆಗ ಗಾಡಿಯಲ್ಲಿ ಬಟ್ಟೆ, ಸೂಜಿ, ದಾರ ಹಾಕಿಕೊಂಡು ತೋಟದಿಂದ ತೋಟಕ್ಕೆ ಮಾರುತ್ತಿದ್ದನಂತೆ. ಒಬ್ಬ ರೈತನ ಹೆಣ್ಣುಕುದುರೆ ಕಾಲು ಕುಂಟಾಗಿ, ಅವನು ಅದಕ್ಕೆ ಗುಂಡು ಹೊಡೆಯುವುದರಲ್ಲಿದ್ದ. ತಾತ ಎರಡು ಥಾನು ಬಟ್ಟೆ ಕೊಟ್ಟು ಕುದುರೆ ತೆಗೆದುಕೊಂಡ. ಇಬ್ಬರೂ ಒಂದು ಚೀಟಿಗೆ ಸಹಿ ಹಾಕಿದರು. ಲಾಯದಲ್ಲಿ ಕಲಿತ ಮದ್ದು ಮಾಡಿ ತಾತ ಕುದುರೆಯ ಕಾಲು ನೆಟ್ಟಗೆ ಮಾಡಿದ. ಅದು ಗಾಡಿ ಎಳೆಯುವುದನ್ನು ಕಂಡ ರೈತ, ಇವನು ನನ್ನ ಕುದುರೆ ಕದ್ದ ಅಂತ ದೂರು ಕೊಟ್ಟ. ಆ ಚೀಟಿಯೇ ಸುಳ್ಳು, ಅದರ ಮೇಲಿರುವುದು ಬರವಣಿಗೆಯೇ ಅಲ್ಲ, ಕೋಳಿ ಕೆರೆದ ಗುರುತು ಅಂದ. ಕುದುರೆ ಕಳ್ಳತನ ಅಂದರೆ ಆಗ ವರ್ಷಗಟ್ಟಲೆ ಜೈಲು.

"ಆಗ ಕಾರ್ಬೆಕ್ ಎದ್ದು, ಕೋರ್ಟಿನ ಪೆನ್ನು ಶಾಯಿ ತರಿಸಿ, ಇಲ್ಲೇ ಬರೆ ಅಂದ" ಎನ್ನುತ್ತಾ ಮಾರ್ಗರೆಟ್ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಹಾಳೆಯೊಳಗಿನ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು.

ಕಂದು ಬಣ್ಣಕ್ಕೆ ತಿರುಗಿದ ಶಾಯಿ. ಹಳೇ ಕಾಲದ ದುಂಡು ಅಕ್ಷರ. ಮುನಿಯಪ್ಪ. ಮುನಿಯಪ್ಪ. ಮುನಿಯಪ್ಪ.

ಕನ್ನಡ!

ಕಕ್ಷಿದಾರರ ಕುರ್ಚಿಯಲ್ಲೇ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವರು ಅಮ್ಮನ ಅಪ್ಪ, ಅದಕ್ಕೂ ಹಿಂದಿನವರೆಲ್ಲ ಹೆಬ್ಬೆಟ್ಟು ಅಂತಲೇ ನಾವು ನಂಬಿದ್ದೆವು. ನಮ್ಮ ಜನರನ್ನು ಶಾಲೆಯ ಜಗಲಿಗೂ ಹತ್ತಿಸದ ಕಾಲ ಅದು. ಲಾಯದಲ್ಲಿ ಕುದುರೆಗೆ ಹುಲ್ಲು ಹಾಕುತ್ತಾ ಇವನು ಯಾರ ಹತ್ತಿರ ಕಲಿತ? ಒತ್ತಕ್ಷರ ಎಷ್ಟು ಚೆಂದ ಇಳಿಸಿದ್ದಾನೆ! ದಿನಕ್ಕೆ ನೂರು ಜನಕ್ಕೆ 'ಇಲ್ಲಿ ಸಹಿ ಹಾಕಿ' ಅನ್ನುವವಳು ನಾನು. ಇಂಥ ಸಹಿ ನಾನು ನೋಡಿಲ್ಲ.

"ಕೆಳಗೆ ಇನ್ನೊಂದು ಸಾಲಿದೆ" ಅಂದರು ಮಾರ್ಗರೆಟ್. "ಹೆಸರನ್ನು ಯಾರೋ ಬಾಯಿಪಾಠ ಮಾಡಿಸಿರಬಹುದು, ಬೇರೆ ಏನಾದರೂ ಬರೆಸಿ ಅಂತ ರೈತನ ಕಡೆಯವರು ಅಂದರಂತೆ. ಏನು ಬರೆದ ಅಂತ ಪತ್ರಿಕೆಯಲ್ಲಿಲ್ಲ. ನಾವು ಅವನ ವಿಳಾಸ ಇರಬೇಕು ಅಂದುಕೊಂಡಿದ್ದೇವೆ."

ಬಗ್ಗಿ ಓದಿದೆ. ಇನ್ನೊಮ್ಮೆ ಓದಿದೆ. ಆಮೇಲೆ ತಡೆಯಲಾರದೆ ಜೋರಾಗಿ ನಕ್ಕುಬಿಟ್ಟೆ. ಅಲ್ಲಿ ಬರೆದದ್ದು, 'ಕಾರಬೇಕು ದೊರೆಗಳು'. ತನ್ನ ವಕೀಲನ ಹೆಸರನ್ನು, ತನ್ನ ಕಿವಿಗೆ ಕೇಳಿದ ಹಾಗೆ, ಮರ್ಯಾದೆ ಸಮೇತ ಬರೆದಿದ್ದ. ಆ ಹೆಸರಿಗೆ ನಮ್ಮ ಭಾಷೆಯಲ್ಲಿ ಊಟಕ್ಕೆ ಕೂತವನು ಇನ್ನಷ್ಟು ಮೆಣಸಿನಪುಡಿ ಕೇಳಿದ ಹಾಗೆ ಅರ್ಥ ಬರುತ್ತದೆ ಅಂತ ವಿವರಿಸಿದೆ. ಮಾರ್ಗರೆಟ್ ನಗುತ್ತಾ ನಗುತ್ತಾ ಅಳಲು ಶುರುಮಾಡಿದರು. ಅಷ್ಟು ವರ್ಷ ಅವರ ಕೈಯಲ್ಲೇ ಇದ್ದ ಸಾಲನ್ನು ಓದಬಲ್ಲವರು ಆ ಊರಿಗೆ ಬಂದದ್ದು ಅವತ್ತೇ ಮೊದಲು.

ಚೀಟಿಯ ಮೇಲಿನ ಸಹಿ ಈ ಕಾಗದದ ಅಕ್ಷರಕ್ಕೆ ತಾಳೆಯಾಗಿ ಕೇಸು ವಜಾ ಆಯಿತು. ಕುದುರೆ ತಾತನದೇ ಆಯಿತು. ಕಾರ್ಬೆಕ್‌ನ ಹೆಸರು ಗಲ್ಲಿ ಗಲ್ಲಿಗೂ ಹಬ್ಬಿತು.

ಗ್ರಂಥಾಲಯ

ಮೂರನೆಯ ದಿನ ಮಧ್ಯಾಹ್ನ ಊರಿನ ಗ್ರಂಥಾಲಯದಲ್ಲಿ ಕೂತು ನನ್ನ ಐದು ನಿಮಿಷದ ಭಾಷಣ ಬರೆಯುತ್ತಿದ್ದೆ. ಮಾರ್ಗರೆಟ್ ಬರೆದ ಪುಸ್ತಿಕೆ ಪಕ್ಕದಲ್ಲಿತ್ತು. ಬಡವರ ವಕೀಲ, ಚುನಾವಣೆಗೆ ನಿಂತ, ಗೆದ್ದ, ಊರಿಗೆ ರೈಲು ತಂದ, ಶಾಲೆ ತಂದ. ಬೇರೆ ಬೇರೆಯಾಗಿದ್ದ ರಾಜ್ಯಗಳೆಲ್ಲ ಸೇರಿ ಒಂದು ದೇಶವಾದಾಗ ಹೊಸ ಸಂಸತ್ತಿಗೂ ಆರಿಸಿ ಬಂದ. ಅಲ್ಲಿಗೆ ಪುಸ್ತಿಕೆ ನಿಂತಿತ್ತು.

ಸಂಸತ್ತಿನಲ್ಲಿ ಏನು ಮಾತಾಡಿದ? ಮೂಲ ಕಾಗದ ನೋಡದೆ ನಕಲಿಗೆ ಕೈ ಹಾಕದ ಅಭ್ಯಾಸ ನನ್ನದು. ಕಪಾಟಿನಲ್ಲಿದ್ದ ಸಂಸತ್ತಿನ ಚರ್ಚೆಗಳ ದಪ್ಪ ಸಂಪುಟಗಳಿಂದ ಮೊದಲನೆಯದನ್ನು ಇಳಿಸಿ ಕಾರ್ಬೆಕ್‌ನ ಹೆಸರು ಹುಡುಕಿದೆ. ಸಿಕ್ಕಿತು. ಬಿಳಿಯರಲ್ಲದ ಹೊರಗಿನವರು ದೇಶದೊಳಗೆ ಬರದಂತೆ ತಡೆಯುವ ಕಾನೂನಿನ ಮೇಲೆ ಅವನು ಮಾತಾಡಿದ್ದ, ಅದರ ಪರವಾಗಿ. ಆ ಕಾನೂನಿನ ಉಪಾಯ ಏನು ಗೊತ್ತೇ? ಬಂದವನಿಗೆ ಅಧಿಕಾರಿ ಒಂದಷ್ಟು ವಾಕ್ಯ ಓದಿ ಹೇಳುತ್ತಾನೆ. ಅದನ್ನು ಯುರೋಪಿನ ಒಂದು ಭಾಷೆಯಲ್ಲಿ ಬರೆಯಬೇಕು. ಯಾವ ಭಾಷೆ ಅನ್ನುವುದು ಅಧಿಕಾರಿಯ ಇಷ್ಟ. ಬರೆಯಲು ಬಾರದಿದ್ದರೆ ಬಂದ ಹಡಗಿನಲ್ಲೇ ವಾಪಸ್ಸು.

ಕಟಕಟೆಯಲ್ಲಿದ್ದವನ ಕೈಗೆ ಪೆನ್ನು ಕೊಟ್ಟು ಅವನ ಲಿಪಿಯಲ್ಲೇ ಬರೆಸಿ ಗೆದ್ದವನು ಇವನೇ.

ಮಾರ್ಗರೆಟ್ ಎರಡು ಕಪ್ ಟೀ ಹಿಡಿದು ಬಂದವರು ನನ್ನ ಮುಂದಿದ್ದ ಪುಟ ನೋಡಿ ಕೆಂಪಾದರು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು" ಅಂದರು. "ಗಣಿಯವರು, ಕುರಿಯ ಉಣ್ಣೆ ಕತ್ತರಿಸುವವರು, ಅವನಿಗೆ ವೋಟು ಹಾಕುವವರೆಲ್ಲ ಆ ಕಾನೂನು ಬೇಕು ಅನ್ನುತ್ತಿದ್ದರು. ಅವನು ಅವರ ಜೊತೆ ಹೋದ. ಜೂಡಿಗೆ ನೋವಾಗಬಾರದು ಅಂತ ಬಿಟ್ಟೆ. ನಾನು ಇತಿಹಾಸ ಪಾಠ ಮಾಡಿದವಳು, ಬಿಡಬಾರದಿತ್ತು."

"ಆಗ ಊರಿಗೆ ಹೋಗಿಬರುತ್ತೇನೆ ಅಂತ ಹೋದವರು?"

"ಮರಳಿ ಬರಲು ಅನುಮತಿ ಪತ್ರ ಬೇಕಿತ್ತು. ಎಷ್ಟೋ ಜನಕ್ಕೆ ಸಿಗಲಿಲ್ಲ."

ಕಟ್ಟಿಟ್ಟ ಟ್ರಂಕು ನೆನಪಾಯಿತು. ತಾತನಿಗೆ ಹಾಗೇ ಆಯಿತು ಅಂತ ಸಾಬೀತು ಮಾಡುವ ಕಾಗದ ನನ್ನ ಹತ್ತಿರ ಇಲ್ಲ. ಆದರೆ ಅಮ್ಮನ ಲೆಕ್ಕದ ಪ್ರಕಾರ ಕಾಲ ಅದೇ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮಲ್ಲಿ ಆಗಿನ್ನೂ ಬೆಳಗಿನ ತಿಂಡಿ ಹೊತ್ತು. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ಅವ್ನು ವಾಪಸ್ ಹೋಗಿದ್ರೆ ನಮ್ಮಪ್ಪ ಹುಟ್ತಾನೇ ಇರ್ಲಿಲ್ಲ ಕಣೇ" ಅಂದರು. "ಅಪ್ಪ ಹುಟ್ಟಿದ್ದು ಆಮೇಲೇನೇ."

"ಹಂಗಾದ್ರೆ ಆ ಕಾನೂನಿಗೆ ಕೈ ಮುಗೀಬೇಕಾ?"

"ಅದ್ಯಾಕೆ ಮುಗೀತೀಯ? ನಾವು ಹುಟ್ಟಿದ್ದು ಅವನ ದಯೆಯಿಂದಾನಾ?" ಅಮ್ಮನ ದನಿ ಏರಿತು. "ನೋಡು ಶಶಿ, ನೀನು ದಿನಾ ಅಫಿಡವಿಟ್ ಟೈಪ್ ಮಾಡ್ತೀಯ. ಅರ್ಧ ನಿಜ ಬರ್ದು ಅರ್ಧ ಬಿಟ್ರೆ ಜಡ್ಜು ಒಪ್ತಾರಾ?"

"ಇಲ್ಲ."

"ಮತ್ತೆ? ಬಿಡಿಸ್ದ, ಅದನ್ನೂ ಹೇಳು. ಬಾಗ್ಲು ಹಾಕ್ದ, ಅದನ್ನೂ ಹೇಳು. ಉಂಡ ಮನೆಯಲ್ಲಿ ಹೆಂಗೆ ಹೇಳೋದು ಅಂತ ಹೆದರ್ಬೇಡ. ಮೆತ್ತಗೆ ಹೇಳು, ಪೂರ್ತಿ ಹೇಳು."

ಸಮಾರಂಭದ ದಿನ

ಕೋರ್ಟಿನ ಒಳಗೆ ಕಾಲಿಡಲು ಜಾಗವಿಲ್ಲ. ಮೇಯರ್ರು, ಶಾಲೆಯ ಬ್ಯಾಂಡು, ಬೂಟಿಗೆ ಪಾಲಿಶ್ ಹಾಕಿಸಿದ್ದ ಜೂಡಿ. ನಾನು ಮೈಸೂರು ರೇಷ್ಮೆ ಸೀರೆ ಉಟ್ಟು ಇಳಕಲ್ಲು ಕುಪ್ಪಸ ತೊಟ್ಟಿದ್ದೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಅಂಚು ಮುಟ್ಟಿ ನೋಡಲು ಒಪ್ಪಿಗೆ ಕೇಳಿದರು. ಗೋಡೆಯ ಮೇಲೆ ಹಿತ್ತಾಳೆ ಫಲಕ, ಅದರ ಮೇಲೊಂದು ನೀಲಿ ಪರದೆ.

ಮೊದಲು ತಾತನ ಕಾಗದ ಓದಿದೆ. ಕಾರಬೇಕು ದೊರೆಗಳ ಮಾತಿಗೆ ಇಡೀ ಕೋರ್ಟು ನಕ್ಕಿತು, ಎಲ್ಲರಿಗಿಂತ ಜೋರಾಗಿ ಜೂಡಿ. ನಗು ನಿಲ್ಲುವವರೆಗೆ ಕಾದೆ. ಆಮೇಲೆ ಹೇಳಿದೆ: "ಈ ಕಟಕಟೆಯಲ್ಲಿ ನಮ್ಮ ಮುತ್ತಾತನಿಗೆ ನ್ಯಾಯ ಸಿಕ್ಕಿತು. ಅದಕ್ಕೆ ಕಾರಣನಾದ ವಕೀಲನಿಗೆ ಕೈ ಮುಗಿಯಲು ಇಷ್ಟು ದೂರ ಬಂದೆ. ನಿನ್ನೆ ಅವರು ಸಂಸತ್ತಿನಲ್ಲಿ ಮಾಡಿದ ಭಾಷಣ ಓದಿದೆ." ಆ ಕಾನೂನು, ಆ ಪರೀಕ್ಷೆ, ನಮ್ಮ ಮನೆಯ ಟ್ರಂಕು, ಎಲ್ಲ ಹೇಳಿದೆ. "ಎರಡೂ ಒಬ್ಬನೇ ಮನುಷ್ಯನ ಕೆಲಸ. ಒಂದನ್ನು ಮಾತ್ರ ಹೇಳಿ ಈ ಪರದೆ ಸರಿಸಲು ನನ್ನಿಂದ ಆಗಲಿಲ್ಲ. ಕ್ಷಮಿಸಿ."

ನಾನು ಪರದೆಯ ದಾರ ಎಳೆದೆ. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಜೂಡಿ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಅವರ ಜೀಪು ಹೊರಟ ಸದ್ದು ಒಳಗಿನವರೆಗೂ ಕೇಳಿಸಿತು.

ಟೀ ಹೊತ್ತಿಗೆ ಕೆಲವರು ಬಂದು ಕೈ ಕುಲುಕಿದರು, ಕೆಲವರು ದೂರ ನಿಂತು ಬಿಸ್ಕತ್ತು ತಿಂದರು. ಮಾರ್ಗರೆಟ್ ನನ್ನ ಭುಜ ಹಿಡಿದುಕೊಂಡೇ ಇದ್ದರು. ನನಗೆ ಮಾತ್ರ ಅರ್ಧ ಕೇಕು ಕೊಟ್ಟ ಆ ಕೈಯೇ ಕಣ್ಣಿಗೆ ಕಟ್ಟಿತ್ತು.

ರೈಲ್ವೆ ಸ್ಟೇಷನ್

ಮರುದಿನ ಬೆಳಿಗ್ಗೆ ನನ್ನ ರೈಲು. ಪ್ಲಾಟ್‌ಫಾರಂನಲ್ಲಿ ನಾನು, ಮಾರ್ಗರೆಟ್, ಮತ್ತು ಯಾವುದೋ ಮರದ ಮೇಲಿಂದ ಗಹಗಹಿಸಿ ನಗುವ ಒಂದು ಹಕ್ಕಿ. ನಮ್ಮ ಕೆ.ಆರ್. ಪುರದ ಸ್ಟೇಷನ್ನಿನಲ್ಲಿ ಈ ಹೊತ್ತಿಗೆ ಉಸಿರಾಡಲು ಜಾಗ ಇರುವುದಿಲ್ಲ. ಇಲ್ಲಿ ಗಡಿಯಾರದ ಮುಳ್ಳು ಸರಿಯುವುದೂ ಕೇಳಿಸುತ್ತಿತ್ತು.

ರೈಲಿಗೆ ಹತ್ತು ನಿಮಿಷ ಇರುವಾಗ ಹೊರಗೆ ಜೀಪು ಬಂದು ನಿಂತಿತು. ಜೂಡಿ! ನಿನ್ನೆಯದೇ ಬಟ್ಟೆ, ಕಣ್ಣು ಊದಿಕೊಂಡಿತ್ತು. ಕೈಯಲ್ಲಿ ಒಂದು ತಗಡಿನ ಡಬ್ಬ. ನೇರ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

"ಕೋಪ ಬಂದು ಹೋದೆ ಅಂದುಕೊಂಡಿರಾ?"

"ಹೌದು" ಅಂದೆ.

"ಬಂದಿತ್ತು. ನನ್ನ ಮೇಲೇ ಬಂದಿತ್ತು. ಆ ಭಾಷಣ ನಮ್ಮಪ್ಪ ನಮಗೆ ಹೆಮ್ಮೆಯಿಂದ ಓದಿ ಹೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಅಪ್ಪ ಹೋದ ಮೇಲೆ ಈ ಡಬ್ಬವನ್ನು ಉಣ್ಣೆ ಇಡುವ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದೆ. ನಿನ್ನೆ ಸಂಜೆಯೆಲ್ಲ ಇದನ್ನೇ ಹುಡುಕಿದೆ."

ಡಬ್ಬದಲ್ಲಿ ಇದ್ದದ್ದು ಆ ಭಾಷಣದ ಕೈಬರಹದ ಕರಡು. ಅಚ್ಚಾಗುವ ಮುಂಚೆ ಕಾರ್ಬೆಕ್ ತಾನೇ ಬರೆದುಕೊಂಡದ್ದು. ಜೂಡಿ ಮೂರನೆಯ ಹಾಳೆ ತೆಗೆದು ಬೆರಳಿಟ್ಟರು. ಅಲ್ಲಿ ನಾಲ್ಕು ಸಾಲುಗಳಿಗೆ ಅಡ್ಡಗೆರೆ ಎಳೆದಿತ್ತು. ಸಂಪುಟದಲ್ಲಿ ಆ ಸಾಲುಗಳು ಇರಲಿಲ್ಲ.

"ಓದಿ" ಅಂದರು. "ಜೋರಾಗಿ ಓದಿ. ಮಾರ್ಗರೆಟ್‌ಗೂ ಕೇಳಿಸಲಿ."

ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: ನನಗೆ ಒಬ್ಬ ಕಕ್ಷಿದಾರನಿದ್ದ. ಈ ಪರೀಕ್ಷೆಯಲ್ಲಿ ಅವನು ಖಂಡಿತ ಸೋಲುತ್ತಾನೆ. ಆದರೂ ಅವನು ನನ್ನ ಕಣ್ಣೆದುರೇ, ತನ್ನ ಲಿಪಿಯಲ್ಲಿ, ನನ್ನ ಹೆಸರು ಬರೆದಿದ್ದ. ನನಗೆ ಅವನ ಹೆಸರು ಬರೆಯಲು ಬರಲಿಲ್ಲ.

ಮರೆತಿರಲಿಲ್ಲ ಅವನು. ಆ ಕಾನೂನಿನ ಪರ ಮಾತಾಡಲು ಕೂತಾಗ ದೊಮ್ಮಲೂರಿನ ಮುನಿಯಪ್ಪ ಅವನ ಮುಂದೆ ಬಂದು ನಿಂತಿದ್ದ. ಬರೆದ. ಆಮೇಲೆ ಪೆನ್ನೆತ್ತಿ ಹೊಡೆದುಹಾಕಿದ. ನನಗೆ ಸಿಟ್ಟು ಬಂತೋ ಸಂತೋಷವಾಯಿತೋ ಹೇಳಲಾರೆ. ಜೂಡಿ ನನ್ನ ಕೈ ಹಿಡಿದುಕೊಂಡರು.

"ಆ ಫಲಕ ತೆಗೆಸುತ್ತೇನೆ" ಅಂದರು. "ಮೇಯರ್‌ಗೆ ಆಗಲೇ ಫೋನ್ ಮಾಡಿ ಎಬ್ಬಿಸಿದ್ದೇನೆ. ಗೋಡೆಯ ಮೇಲೆ ಎರಡು ಕಾಗದ ಇರಲಿ. ನಿಮ್ಮ ತಾತ ಬರೆದದ್ದು ಒಂದು. ಅದರ ಪಕ್ಕ ನಮ್ಮ ತಾತ ಬರೆದು ಹೊಡೆದದ್ದು, ಹೊಡೆದ ಗೆರೆ ಸಮೇತ."

"ಪುಸ್ತಿಕೆಯನ್ನೂ ಮತ್ತೆ ಬರೆಯುತ್ತೇನೆ" ಅಂದರು ಮಾರ್ಗರೆಟ್.

ರೈಲು ಬಂತು. ಜೂಡಿ ನನ್ನ ಸೂಟ್‌ಕೇಸನ್ನು ತಾವೇ ಎತ್ತಿ ಒಳಗಿಟ್ಟು, ರೈಲು ಹೊರಟ ಮೇಲೂ ಪ್ಲಾಟ್‌ಫಾರಂನ ಕೊನೆಯವರೆಗೆ ಆ ದೊಡ್ಡ ಬೂಟಿನಲ್ಲಿ ಜೊತೆಗೇ ನಡೆದರು. ಊರು ಹಿಂದೆ ಸರಿದು, ಹಸಿರು ಗುಡ್ಡಗಳ ಮೇಲೆ ಕುರಿಗಳು ಕಾಣತೊಡಗಿದಾಗ, ನಮ್ಮಲ್ಲಿ ಇನ್ನೂ ಬೆಳಕು ಹರಿದಿರದಿದ್ದರೂ ಅಮ್ಮನಿಗೆ ಫೋನ್ ಮಾಡಿದೆ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

"ಹೊಡ್ದು ಹಾಕಿದ್ರೂ ಓದಕ್ಕೆ ಬರುತ್ತಾ?" ಅಂದರು ಅಮ್ಮ.

"ಬರುತ್ತಮ್ಮ" ಅಂದೆ. "ಒಂದೊಂದಕ್ಷರಾನೂ ಬರುತ್ತೆ."